ನೀರಿನ ಟೈಮು

ಮೇ ತಿಂಗಳಲ್ಲಿ ಕುಂದಾಪುರಕ್ಕೆ ಗಾಳ ಹಾಕಲು ಹೋಗುತ್ತಿದ್ದೇವೆ ಎಂದಾಗ ಆಫೀಸಿನಲ್ಲಿ ಮೊದಲು ಬಂದ ಪ್ರಶ್ನೆ, "ಆ ಸೆಕೆಯಲ್ಲಾ?" ಎರಡನೆಯದು, "ಮೀನು ಅಲ್ಲೇ ಮಾರ್ಕೆಟ್ಟಲ್ಲಿ ಸಿಗುತ್ತಲ್ಲ ಮಾರಾಯ?" ಎರಡನೆಯದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಗಾಳ ಹಾಕದವರಿಗೆ ಅದನ್ನು ವಿವರಿಸುವುದು ಕಷ್ಟ, ಹಾಕುವವರಿಗೆ ಬೇಕಿಲ್ಲ. ಮೊದಲನೆಯ ಪ್ರಶ್ನೆ ಮಾತ್ರ ನ್ಯಾಯವಾದದ್ದೇ.

ಕರಾವಳಿಯ ಮೇ ತಿಂಗಳು ಬಯಲುಸೀಮೆಯ ಬೇಸಿಗೆಯಲ್ಲ. ನಾನು ತಿಪಟೂರು ಕಡೆಯವನು. ನಮ್ಮಲ್ಲಿ ಬಿಸಿಲು ಸುಡುತ್ತದೆ, ಆದರೆ ಮರದ ಕೆಳಗೆ ನಿಂತರೆ ಜೀವ ಬರುತ್ತದೆ. ಕುಂದಾಪುರದಲ್ಲಿ ನೆರಳಲ್ಲೂ ಬೆವರು ನಿಲ್ಲುವುದಿಲ್ಲ. ಒಗೆದು ಹರವಿದ ಅಂಗಿ ಸಂಜೆಗೂ ತಣ್ಣಗೆ ಜಿಗುಟಾಗೇ ಇರುತ್ತದೆ. ಅರಬ್ಬೀ ಸಮುದ್ರದ ಮೇಲ್ಮೈ ಆ ಹೊತ್ತಿಗೆ 30 ಡಿಗ್ರಿಯ ಆಸುಪಾಸಿಗೆ ಕಾದಿರುತ್ತದೆ. ನೀರಿಗಿಳಿದರೂ ತಂಪು ಅನ್ನಿಸುವುದಿಲ್ಲ.

ಹಾಗಿದ್ದೂ ಮೇ ಯಾಕೆಂದರೆ, ಮಗಳಿಗೆ ರಜೆ ಎನ್ನುವುದು ಒಂದು ಕಾರಣ. ನಿಜವಾದ ಕಾರಣ ಹೊಳೆಯಲ್ಲಿದೆ. ಮಳೆ ನಿಂತು ಆರೇಳು ತಿಂಗಳಾದ ಮೇಲೆ ಹೊಳೆಗಳಲ್ಲಿ ಸಿಹಿನೀರಿನ ಒತ್ತಡ ಉಳಿದಿರುವುದಿಲ್ಲ. ಸಮುದ್ರದ ಉಪ್ಪುನೀರು ಅಳಿವೆಯಿಂದ ಮೈಲಿಗಟ್ಟಲೆ ಒಳಗೆ ಏರಿ ಬಂದಿರುತ್ತದೆ. ಬಾವಿಗಳೂ ಗದ್ದೆಗಳೂ ಉಪ್ಪಾಗಬಾರದು ಎಂದು ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವುದು ಈ ಕಾರಣಕ್ಕೇ. ಊರಿನವರಿಗೆ ತಲೆನೋವಾದ ಆ ಉಪ್ಪು ಗಾಳದವನಿಗೆ ವರ. ಕಡಲಿನ ಮೀನು ಹೊಳೆಯೊಳಗೆ ಓಡಾಡುತ್ತದೆ, ದಡದಲ್ಲಿ ನಿಂತವನ ಕೈಗೂ ಎಟುಕುತ್ತದೆ. ಜೂನ್ ಮೊದಲ ವಾರ ಮಳೆ ಹಿಡಿದುಕೊಂಡರೆ ಹೊಳೆ ಕೆಂಪಗೆ ತುಂಬಿ ಹರಿಯುತ್ತದೆ, ಕಡಲು ಮುನಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ದಡದ ಗಾಳಕ್ಕೆ ಆ ನಿಷೇಧ ತಟ್ಟುವುದಿಲ್ಲ ನಿಜ, ಆದರೆ ಆ ಮಳೆಯಲ್ಲಿ, ಆ ಅಲೆಯಲ್ಲಿ ದಡಕ್ಕೆ ಹೋಗಿ ನಿಲ್ಲುವವರಾರು?

ಹೀಗೆಂದು ಮೇ ತಿಂಗಳು ಗಟ್ಟಿಯಾಯಿತು. ಮೇ ತಿಂಗಳಲ್ಲಿ ಯಾವ ದಿನ ಎಂಬಲ್ಲಿ ಮಾವನವರ ಪ್ರವೇಶ.

ಮಾವನವರು ಕುಂದಾಪುರದಲ್ಲಿ ಹೊಳೆಬದಿಯ ಮನೆಯಲ್ಲಿ ಹುಟ್ಟಿ ಬೆಳೆದವರು. ಮೀನುಗಾರಿಕೆ ಅವರ ಕಸುಬಲ್ಲ, ಮೇಷ್ಟ್ರಾಗಿದ್ದು ನಿವೃತ್ತರಾದವರು. ಆದರೆ ಗಾಳ ಅವರಿಗೆ ಚಿಕ್ಕಂದಿನ ಚಟ. ಫೋನಿನಲ್ಲಿ ನಾನು ಬಹಳ ಶಿಸ್ತಾಗಿ, ಇಂಥ ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ತಲುಪುತ್ತೇವೆ, ಮಂಗಳವಾರ ವಾಪಸ್, ಎಂದು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹ್ವಾಯ್, ರಜೆ ಕಂಡ್ಕಂಡ್ ಬಪ್ಪುದಾರೆ ಮೀನ್ ಮಾರ್ಕೆಟ್ ಸಾಕ್. ಗಾಳ ಹಾಕುಕಾರೆ ನೀರ್ ಕಂಡ್ಕಂಡ್ ಬನಿ" ಅಂದರು.

ನೀರು ಕಾಣುವುದೆಂದರೆ ತಿಥಿ ಕಾಣುವುದು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಆ ಸಮಯ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ದೊಡ್ಡದು. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತವೆ. ಅಷ್ಟಮಿಯ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆದು ನೀರು ಮಂಕಾಗುತ್ತದೆ. ಶಾಲೆಯಲ್ಲಿ ಓದಿದ್ದೇ. ಆದರೆ ಆ ಪಾಠದಲ್ಲಿ ಇಲ್ಲದ್ದು, ಆಯಾ ಊರಿನ ಗಡಿಯಾರ. ನಮ್ಮ ಈ ಭಾಗದ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ನೀರು ತಳ ಮುಟ್ಟುವುದು ಬೆಳಗಿನ ಜಾವ 5.30ರ ಸುಮಾರಿಗೆ, ತುಂಬಿ ನಿಲ್ಲುವುದು ಮಧ್ಯಾಹ್ನದ ಹತ್ತಿರ. ಇದು ವರ್ಷವಿಡೀ ಹೆಚ್ಚುಕಡಿಮೆ ಹೀಗೆಯೇ. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಇವತ್ತಿನ ಇಳಿತ ಎಷ್ಟು ಹೊತ್ತಿಗೆ ಎಂದು ಮಾವನವರು ಬಾಯಲ್ಲೇ ಹೇಳುತ್ತಾರೆ. ನನ್ನ ಮೊಬೈಲ್ ಆ್ಯಪ್ ಅದೇ ಉತ್ತರವನ್ನು ನಿಮಿಷದ ಲೆಕ್ಕದಲ್ಲಿ ಕೊಡುತ್ತದೆ. ಆದರೆ ಅದು ಕೊಡುವುದು ಬಂದರಿನ ಲೆಕ್ಕ. ಹೊಳೆಯೊಳಗೆ ಹೋದಂತೆ ನೀರು ತಿರುಗುವುದು ತಡ. "ನಮ್ಮನಿ ಧಕ್ಕೆಗೆ ಅರ್ಧ ಗಂಟಿ ಸೇರ್ಸಿ" ಎನ್ನುವುದು ಮಾವನವರ ತಿದ್ದುಪಡಿ. ಧಕ್ಕೆ ಎಂದರೆ ದೋಣಿ ನಿಲ್ಲುವ ಕಟ್ಟೆ.

ಏರಿಳಿತದ ಎತ್ತರ ಇಲ್ಲಿ ದೊಡ್ಡದೇನಲ್ಲ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 10 ಮೀಟರ್ ದಾಟುವುದುಂಟು, ಇಲ್ಲಿ ಒಂದಾಳಿನ ಎತ್ತರವೂ ಇಲ್ಲ. ಮೀನಿಗೆ ಅಷ್ಟು ಸಾಕು. ನೀರು ನಿಂತಿದ್ದರೆ ಮೀನಿಗೂ ಸೋಮಾರಿತನ. ನೀರು ಇಳಿಯುವಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಲ್ಲಿ ಅಡಗಿದ್ದ ಸಿಗಡಿ, ಏಡಿಮರಿ, ಚಿಲ್ಲರೆ ಮೀನುಗಳೆಲ್ಲ ವಿಧಿಯಿಲ್ಲದೆ ಕಾಲುವೆಗಳ ಮೂಲಕ ಹೊರಬರಬೇಕು. ಆ ಕಾಲುವೆಯ ಬಾಯಲ್ಲಿ ದೊಡ್ಡ ಮೀನು ಕಾದಿರುತ್ತದೆ. ಇಳಿತದ ಕೊನೆಯ ಎರಡು ಗಂಟೆ, ಏರಿನ ಮೊದಲ ಒಂದು ಗಂಟೆ. ಗಾಳದವನ ಇಡೀ ದಿನ ಅಂದರೆ ಇಷ್ಟೇ. ಇದು ಬೆಳಿಗ್ಗೆ ಆರರಿಂದ ಒಂಬತ್ತೂವರೆಯೊಳಗೆ ಬೀಳಬೇಕು, ಆಮೇಲೆ ಬಿಸಿಲು ನಿಲ್ಲಗೊಡುವುದಿಲ್ಲ. ಹುಣ್ಣಿಮೆಯ ದಿನವೇ ಹೋದರೆ ಒಳ್ಳೆಯ ಹೊತ್ತೆಲ್ಲ ಕತ್ತಲಲ್ಲೇ ಮುಗಿದಿರುತ್ತದೆ, ಸೆಳೆತವೂ ವಿಪರೀತ. ಸೀಸದ ಗುಂಡು ನೆಲದಲ್ಲಿ ನಿಲ್ಲುವುದಿಲ್ಲ. ಅಷ್ಟಮಿಗೆ ಹೋದರೆ ಬೆಳಿಗ್ಗೆ ನೀರು ತುಂಬಿಕೊಂಡು ನಿದ್ದೆ ಮಾಡುತ್ತಿರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ತದಿಗೆ, ಚೌತಿ, ಪಂಚಮಿ. ಆಗ ಇಳಿತ ಎಂಟು, ಎಂಟೂವರೆ, ಒಂಬತ್ತಕ್ಕೆ ಬರುತ್ತದೆ. ಮಾವನವರ ಆಯ್ಕೆ ಅದು, ನಾನು ಲೆಕ್ಕ ಹಾಕಿ ನೋಡಿದರೂ ಅದೇ.

ಇಲ್ಲಿ ರೈಲ್ವೆ ಇಲಾಖೆ ಅರಿಯದೆಯೇ ಒಂದು ಉಪಕಾರ ಮಾಡಿದೆ. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿಯಿತು. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ, ಎರಡು ಸುತ್ತಿಗೆ 59. ಅಂದರೆ ಬುಕಿಂಗ್ ತೆರೆಯುವ ದಿನ ಆಕಾಶದಲ್ಲಿ ಯಾವ ಚಂದ್ರ ಇದ್ದಾನೋ, ರೈಲು ಹತ್ತುವ ದಿನ ಹೆಚ್ಚುಕಡಿಮೆ ಅವನೇ, ಒಂದು ತಿಥಿ ಮುಂದಕ್ಕೆ. ತದಿಗೆಗೆ ಹೊರಡಬೇಕಾದರೆ ಬಿದಿಗೆಯ ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ಮಾಡುತ್ತ ಕೂರಬೇಕು. ಪಂಚಾಂಗವೇ ಬೇಡ, ಹಿಂದಿನ ರಾತ್ರಿ ತಾರಸಿಗೆ ಹೋಗಿ ನೋಡಿದರೆ ಸಾಕು. ಇದನ್ನು ಮಾವನವರಿಗೆ ಹೇಳಿದಾಗ ಅವರು ಮೊದಲ ಬಾರಿಗೆ ನನ್ನನ್ನು ಗಾಳದ ವಿಷಯದಲ್ಲಿ ಸ್ವಲ್ಪ ಗಂಭೀರವಾಗಿ ತೆಗೆದುಕೊಂಡರು ಎಂದು ನನ್ನ ಭಾವನೆ. ಬಿದಿಗೆ ಸೋಮವಾರ ಬಿತ್ತು. ಪಂಚಗಂಗಾ ಎಕ್ಸ್‌ಪ್ರೆಸ್, ಮೂರು ಸೀಟು, ಶುಕ್ರವಾರ ರಾತ್ರಿ.

ಆ ರೈಲಿನ ಹೆಸರೂ ನಾವು ಹೋಗುವ ಹೊಳೆಯದ್ದೇ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ. ಘಟ್ಟದಿಂದ ಇಳಿದ ಐದು ಹೊಳೆಗಳು ಕುಂದಾಪುರದ ಸುತ್ತ ಒಂದಕ್ಕೊಂದು ಸೇರಿ ಪಂಚಗಂಗಾವಳಿಯಾಗಿ, ಗಂಗೊಳ್ಳಿ ಮತ್ತು ಕೋಡಿಯ ನಡುವೆ ಕಡಲು ಸೇರುತ್ತವೆ. ನಡುವೆ ಕುದ್ರು ಎನ್ನುವ ಸಣ್ಣ ದ್ವೀಪಗಳು, ಅಂಚಿಗೆ ಕಾಂಡ್ಲಾ ಕಾಡು. ಸೌಪರ್ಣಿಕೆಯದ್ದು ಇನ್ನೂ ವಿಚಿತ್ರ. ಮರವಂತೆಯಲ್ಲಿ ಕಡಲಿನ ಪಕ್ಕಕ್ಕೇ ಬಂದು, ನಡುವೆ ಹೆದ್ದಾರಿಯಷ್ಟೇ ಜಾಗ ಬಿಟ್ಟು, ಕಡಲಿಗೆ ಬೀಳದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯವರೆಗೆ ಹೋಗುತ್ತದೆ. ಅಲ್ಲಿ ಒಂದು ಬದಿಯಲ್ಲಿ ಕಡಲಿನ ಗಾಳ, ರಸ್ತೆ ದಾಟಿದರೆ ಹೊಳೆಯ ಗಾಳ. ಆದರೆ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 66, ಅದರಲ್ಲಿ ಬಸ್ಸುಗಳು ಹೋಗುವ ವೇಗ ನೆನೆದರೆ ಮಗಳನ್ನು ಕರೆದುಕೊಂಡು ರಾಡ್ ಹಿಡಿದು ದಾಟುವ ಆಸೆ ಹೋಗುತ್ತದೆ. ಮೊದಲ ಎರಡು ಬೆಳಿಗ್ಗೆ ಹೊಳೆಬದಿ, ಒಂದು ಸಂಜೆ ಕೋಡಿಯ ಮರಳಿನಲ್ಲಿ. ಮೂರನೆಯ ದಿನದ್ದು ಖಾಲಿ ಬಿಟ್ಟಿದ್ದೇನೆ, ಅದನ್ನು ಮೊದಲೆರಡು ದಿನಗಳೇ ಹೇಳಲಿ.

ಯಾವ ಮೀನು ಎಂದು ಕೇಳಿದರೆ, ಮರಳಿನಲ್ಲಿ ಕಾಣೆ. ಹೊಳೆಯಲ್ಲಿ ಇರ್ಪೆ, ಕೆಂಬೇರಿ, ಮತ್ತೆ ಎಲ್ಲರ ಕನಸಿನ ಕುರುಡಿ. ಮಂಗಳೂರು ಕಡೆ ಕೊಳಜಿ ಅನ್ನುತ್ತಾರೆ, ಹೋಟೆಲ್ ಮೆನುವಿನಲ್ಲಿ ಸೀಬಾಸ್. ಕೆಂಬೇರಿ ಗೂಂಡಾ ಮೀನು, ಕಚ್ಚಿದ ಕ್ಷಣವೇ ಕಲ್ಲಿನ ಸಂದಿಗೆ ಓಡುತ್ತದೆ, ಮೊದಲ ಮೂರು ಸೆಕೆಂಡಿನಲ್ಲಿ ತಡೆಯದಿದ್ದರೆ ದಾರ ಹೋಯಿತು. ಕುರುಡಿ ಹಾಗಲ್ಲ. ನೀರಿನಿಂದ ಮೇಲಕ್ಕೆ ಹಾರಿ, ಬಾಯಿ ಅಗಲಿಸಿ ತಲೆ ಕೊಡವುತ್ತದೆ. ದಾರ ಆಗ ಒಂದು ಗೇಣು ಸಡಿಲವಾದರೂ ಗಾಳ ಉಗುಳುತ್ತದೆ.

ಈ ಕುರುಡಿಯ ಜೀವನವೇ ಒಂದು ಕಥೆ. ಹುಟ್ಟುವಾಗ ಬಹುಪಾಲು ಎಲ್ಲವೂ ಗಂಡು. ಕೆಲವು ವರ್ಷ ಗಂಡಾಗಿ ಬಾಳಿ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆಯಿಡಲು ಮಳೆಗಾಲದ ಹೊತ್ತಿಗೆ ಅಳಿವೆಯ ಉಪ್ಪುನೀರಿಗೇ ಬರಬೇಕು. ಅಂದರೆ ಮೇ ತಿಂಗಳಲ್ಲಿ ಅಳಿವೆಯ ಹತ್ತಿರ ಸಿಗುವ ಭಾರೀ ಕುರುಡಿ ಎಂದರೆ ಬಹುತೇಕ ಮೊಟ್ಟೆ ಹೊತ್ತು ಹೊರಟ ತಾಯಿ. ಗಾಳದವರ ವೀಡಿಯೊಗಳಲ್ಲಿ ಹತ್ತು ಕಿಲೋದ ಮೀನನ್ನು ಹೆಗಲಿಗೆ ಹಾಕಿಕೊಂಡು ನಗುವವರನ್ನು ಕಂಡಾಗ ನನಗೆ ಈಗೀಗ ಖುಷಿಗಿಂತ ಕಿರಿಕಿರಿ ಹೆಚ್ಚು. ಒಂದೂವರೆ, ಎರಡು ಕಿಲೋದ್ದು ಮನೆಗೆ ಬರಲಿ, ಅದಕ್ಕಿಂತ ದೊಡ್ಡದು ಸಿಕ್ಕರೆ ಫೋಟೊ ತೆಗೆದು ಬಿಡುವುದು ಎಂದು ನಮ್ಮ ನಿಯಮ. ಮಾವನವರು ಇದಕ್ಕೆ ಒಪ್ಪಿದ್ದು ವಾದದಿಂದಲ್ಲ, ದೊಡ್ಡ ಕುರುಡಿಯ ಮಾಂಸ ಒರಟು, ರುಚಿ ಇಲ್ಲ ಎಂಬ ಅವರದೇ ಕಾರಣದಿಂದ. ಯಾವ ಕಾರಣವಾದರೇನು.

ಹೊಳೆಯಲ್ಲಿ ಅಲ್ಲಲ್ಲಿ ಡ್ರಮ್ಮು ಕಟ್ಟಿ ತೇಲಿಬಿಟ್ಟ ಪಂಜರಗಳಿವೆ, ಅದರಲ್ಲಿ ಇದೇ ಕುರುಡಿ, ಕೆಂಬೇರಿ ಸಾಕುತ್ತಾರೆ. ಮೇವಿನ ವಾಸನೆಗೆ ಹೊರಗಿನ ಮೀನೂ ಅದರ ಸುತ್ತ ಸೇರುತ್ತದೆ, ಅಲ್ಲಿಗೆ ಗಾಳ ಬೀಸುವ ಆಸೆ ಯಾರಿಗಾದರೂ ಆದೀತು. ಬೀಸಬಾರದು. ಒಂದು ಕೊಕ್ಕೆ ಆ ಬಲೆಗೆ ಸಿಕ್ಕಿ ಹರಿದರೆ ಯಾರದೋ ವರ್ಷದ ದುಡಿಮೆ ರಾತ್ರೋರಾತ್ರಿ ಹೊಳೆಪಾಲು.

ಸಾಮಾನಿನ ವಿಷಯ. ನನ್ನದು ಎಂಟಡಿಯ ಕಾರ್ಬನ್ ರಾಡ್, 4000 ಸೈಜಿನ ರೀಲು, 30 ಪೌಂಡಿನ ಬ್ರೇಡ್ ದಾರ, ಮುಂದೆ ಒಂದು ಮಾರು 50 ಪೌಂಡಿನ ದಪ್ಪ ತಂಗೂಸಿ, ಅಂದರೆ ನೈಲಾನ್ ದಾರ. ಕುರುಡಿಯ ಕಿವಿರಿನ ಅಂಚು ಬ್ಲೇಡು ಇದ್ದಂತೆ, ತೆಳ್ಳಗಿನ ದಾರ ಅದಕ್ಕೆ ತಾಗಿದರೆ ಮುಗಿಯಿತು. ಮಾವನವರದ್ದು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ತಂಗೂಸಿ, ಒಂದು ಸೀಸದ ಗುಂಡು, ಒಂದು ಗಾಳ. ಬಾಟಲಿಯ ಬಾಯನ್ನು ಹೊಳೆಯ ಕಡೆ ಹಿಡಿದು ಇನ್ನೊಂದು ಕೈಯಿಂದ ಗುಂಡನ್ನು ತಿರುಗಿಸಿ ಬಿಟ್ಟರೆ ದಾರ ತಾನಾಗಿ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಅವರ ಒಟ್ಟು ಬಂಡವಾಳ ನನ್ನ ಒಂದು ಲೂರಿನ (ನಕಲಿ ಮೀನಿನ) ಬೆಲೆಗಿಂತ ಕಡಿಮೆ, ಹಿಡಿದ ಮೀನಿನ ಲೆಕ್ಕ ಹೇಳಿ ನನ್ನ ಮಾನ ಕಳೆದುಕೊಳ್ಳುವುದಿಲ್ಲ.

ಅವರಿಂದ ನಾನು ಕಲಿತದ್ದು ಜೀವಂತ ಸಿಗಡಿ ಚುಚ್ಚುವ ಬಗೆ. ಸಿಗಡಿಯ ತಲೆಯ ಮೇಲೆ ಗರಗಸದಂಥ ಕೊಂಬು ಇರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಅದರ ಬುಡದ ಹಿಂದೆ, ಚಿಪ್ಪಿನೊಳಗೆ ಒಂದು ಕಪ್ಪು ಕಲೆ ಕಾಣುತ್ತದೆ. ಗಾಳದ ತುದಿ ಕೊಂಬಿನ ಬುಡದಲ್ಲಿ, ಆ ಕಲೆಯ ಮುಂದೆ, ಚಿಪ್ಪಿನ ತೆಳು ಪದರದಲ್ಲಿ ಮಾತ್ರ ಹಾದುಹೋಗಬೇಕು. ಕಲೆಗೆ ತಾಗಿದರೆ ಸಿಗಡಿ ಅಲ್ಲೇ ಸತ್ತಿತು. ತಾಗದಿದ್ದರೆ ಅರ್ಧ ಗಂಟೆಯಾದರೂ ನೀರಿನಲ್ಲಿ ಕಾಲಾಡಿಸುತ್ತ, ಆಗಾಗ ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತಿರುತ್ತದೆ. ಆ ಚಿಮ್ಮುವ 'ಟಕ್' ದಾರದಲ್ಲಿ ಬೆರಳಿಗೆ ಗೊತ್ತಾಗುತ್ತದೆ. ದೊಡ್ಡ ಮೀನು ಹತ್ತಿರ ಬಂದಾಗ ಸಿಗಡಿಗೆ ನಮಗಿಂತ ಮೊದಲು ತಿಳಿಯುತ್ತದೆ, ಚಿಮ್ಮು ಜೋರಾಗುತ್ತದೆ. ಆ ಐದಾರು ಸೆಕೆಂಡಿಗಾಗಿಯೇ ನಾನು ಈ ಸೆಕೆಗೆ ಹೋಗುತ್ತಿರುವುದು. ಮಗಳ ಗಾಳದ ಮುಳ್ಳನ್ನು ಮಾತ್ರ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟಿದ್ದೇನೆ. ಮೀನಿನ ಬಾಯಿಂದ ಬಿಡಿಸುವುದಕ್ಕೂ, ಕೈಗೆ ಚುಚ್ಚಿಕೊಂಡರೆ ತೆಗೆಯುವುದಕ್ಕೂ ಸುಲಭ.

ಹೆಂಡತಿಯ ಆಕ್ಷೇಪಗಳೆಲ್ಲ ಸುರಕ್ಷತೆಯವು. ಅವಳು ಆ ಊರಿನಲ್ಲೇ ಬೆಳೆದವಳಾದ್ದರಿಂದ ಹೆದರುವುದು ಸರಿಯಾದದ್ದಕ್ಕೇ. ಕೋಡಿಯ ಕಲ್ಲಿನ ತಡೆಗೋಡೆಯ ಮೇಲೆ ಹೊರಗಿನಿಂದ ಬಂದವರು ಚಪ್ಪಲಿಯಲ್ಲಿ ನಡೆಯುತ್ತಾರೆ, ಕೆಳಗಿನ ಸಾಲಿನ ಕಲ್ಲುಗಳಿಗೆ ಪಾಚಿ ಹಿಡಿದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಅಪಾಯವಿದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿಲೋಮೀಟರು ಹರಿದು ಬಂದು, ಇಲ್ಲಿ ಗಾಳಿಯೇ ಇಲ್ಲದ ದಿನ ದಡ ನುಗ್ಗುತ್ತದೆ. ಕೇರಳದ ಮೀನುಗಾರರು ಕಳ್ಳಕಡಲು ಎಂದು ಕರೆಯುವುದು ಇದನ್ನೇ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ವಾರದಿಂದ ದಿನಾ ಅದನ್ನು ನೋಡುವುದು, ಎಚ್ಚರಿಕೆ ಇದ್ದ ದಿನ ಕಲ್ಲಿನ ಮೇಲೆ ಯಾರೂ ಹೋಗುವಂತಿಲ್ಲ, ಇದು ಮನೆಯ ಆಜ್ಞೆ. ಸಂಜೆಯ ಗುಡುಗಿಗೂ ಹೀಗೇ. ಮುಂಗಾರಿಗೆ ಮುಂಚಿನ ಮಳೆ ಘಟ್ಟದ ಕಡೆಯಿಂದ ಕಪ್ಪಿಟ್ಟುಕೊಂಡು ಬರುತ್ತದೆ. ಕಾರ್ಬನ್ ರಾಡು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಬಯಲು ಮರಳಿನಲ್ಲಿ ಅದನ್ನು ಎತ್ತಿ ಹಿಡಿದು ನಿಂತವನಿಗೆ ಮೊದಲ ಗುಡುಗೇ ಕೊನೆಯ ಗಂಟೆ, ಅಲ್ಲಿಗೆ ಸಾಮಾನು ಕಟ್ಟಬೇಕು. ತೊರಕೆ ಎಂಬ ಚಪ್ಪಟೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕಾಲಿಟ್ಟು ಆಸ್ಪತ್ರೆಗೆ ಓಡುವುದು. ಅದಕ್ಕೆಂದೇ ಒಂದು ದೊಡ್ಡ ಫ್ಲಾಸ್ಕ್. ಚಹಾಕ್ಕೆ ಬೇರೆಯದು.

ಖರ್ಚಿನ ಲೆಕ್ಕ ಬರೆಯಲು ಕೂತಿದ್ದೆ, ಬಿಟ್ಟೆ. ಉಳಿಯುವುದು ಮಾವನ ಮನೆಯಲ್ಲಿ, ಊಟ ಅತ್ತೆಯ ಕೈಯದ್ದು. ಹಗಲು ಹತ್ತರಿಂದ ನಾಲ್ಕರವರೆಗೆ ಪುನರ್ಪುಳಿ ಶರಬತ್ತು ಕುಡಿದು ಫ್ಯಾನಿನ ಕೆಳಗೆ ಬಿದ್ದುಕೊಳ್ಳುವುದಕ್ಕೆ ಯಾವ ರೆಸಾರ್ಟಿನವರೂ ಬಿಲ್ಲು ಹಾಕುವುದಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡಿದ್ದಾಗ ಫೋನು ಅತ್ತೆಯ ಕೈಗೆ ಹೋಯಿತು. "ಶನಿವಾರ ಬತ್ರಿ ಅಂಬ್ರಲೆ, ಅವತ್ತ್ ಸಂಕಷ್ಟಿ" ಅಂದರು.

ನಾನೂ ಮಾವನವರೂ ಇಷ್ಟೆಲ್ಲ ಚಂದ್ರನನ್ನು ನೋಡಿದ್ದೇ ನೋಡಿದ್ದು, ಹುಣ್ಣಿಮೆ ಕಳೆದ ಚೌತಿ ಎಂದರೆ ಏನು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಅಲ್ಲ, ಮಾವನವರ ಮಟ್ಟಿಗೆ ಹೊಳೆಯದೆ ಇರಲು ಸಾಧ್ಯವೇ ಇಲ್ಲ. ಅತ್ತೆ ತಿಂಗಳು ತಿಂಗಳೂ ಉಪವಾಸ ಮಾಡಿ ರಾತ್ರಿ ಒಂಬತ್ತೂ ಚಿಲ್ಲರೆಗೆ ಚಂದ್ರ ಕಂಡ ಮೇಲೆ ಊಟ ಮಾಡುವವರು. ಆ ದಿನ ಆ ಅಡುಗೆಮನೆಗೆ ಮೀನು ಬರುವ ಹಾಗಿಲ್ಲ. ಕೃಷ್ಣಪಕ್ಷದ ಅತ್ಯುತ್ತಮ ಇಳಿತ ಪ್ರತಿ ತಿಂಗಳೂ ಸಂಕಷ್ಟಿಯ ದಿನವೇ ಬೀಳುತ್ತದೆ, ಇದನ್ನು ತಪ್ಪಿಸುವ ದಾರಿ ಖಗೋಳದಲ್ಲೇ ಇಲ್ಲ. ಅಮಾವಾಸ್ಯೆಯ ನಂತರದ ಚೌತಿಗೆ ಹೋಗೋಣವೆಂದರೆ ಹೆಂಡತಿಯ ರಜೆ ಮಂಜೂರಾಗಿಬಿಟ್ಟಿದೆ. ಮಾವನವರು ಗಂಟಲು ಸರಿಮಾಡಿಕೊಂಡು, ಹಿಡಿದದ್ದನ್ನು ಐಸ್ ಡಬ್ಬಿಯಲ್ಲಿ ಹೊರಗೆ ಜಗಲಿಯಲ್ಲಿಟ್ಟು ಭಾನುವಾರ ಒಳಗೆ ತರುವ ಒಂದು ಸೂಚನೆ ಮುಂದಿಟ್ಟರು. ಅದಕ್ಕೆ ಆ ಕಡೆಯಿಂದ ಬಂದ ಮೌನ ಫೋನಿನಲ್ಲೂ ಕೇಳಿಸಿತು.

ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಗಳು ಕಾಲ್ ಮುಗಿದ ಮೇಲೆ ತೀರ್ಪು ಕೊಟ್ಟಳು. ಶನಿವಾರ ಸಿಕ್ಕ ಮೀನನ್ನೆಲ್ಲ ಬಿಟ್ಟುಬಿಡುವುದು, ಸಣ್ಣದು ದೊಡ್ಡದು ಎನ್ನದೆ. ಭಾನುವಾರದಿಂದ ಮನೆಗೆ. ನನಗೂ ಹೆಂಡತಿಗೂ ಒಪ್ಪಿಗೆ. ಮಾವನವರಿಗೆ ಹೇಳುವ ಕೆಲಸವನ್ನು ಅವಳಿಗೇ ಬಿಟ್ಟಿದ್ದೇವೆ, ಅವರು ಮೊಮ್ಮಗಳಿಗೆ ಇಲ್ಲ ಎನ್ನುವುದಿಲ್ಲ. ಒಂದೂವರೆ ಕಿಲೋದ ಕುರುಡಿ ಮೊದಲ ದಿನವೇ ಬಿದ್ದರೆ ಏನಾಗುತ್ತದೋ ಅದು ಬೇರೆ ಮಾತು.